ಓಗೊಡುವವರು ಬೇಕಾಗಿದ್ದಾರೆ

ನಮ್ಮ ಸೋದರಮಾವನ ಹಾಡನ್ನು ಇವತ್ತಿನತನಕ ನಮ್ಮಲ್ಲಿ ಯಾರೂ ಪೂರ್ತಿ ಕೇಳಿಲ್ಲ. ಕೆಟ್ಟದಾಗಿ ಹಾಡುತ್ತಾನೆ ಅಂತಲ್ಲ, ಅದು ಬೇರೆ ವಿಷಯ ಬಿಡ್ರಿ! ಒಂದು ಸಾಲು ಹಾಡಿ, ಗಿಟಾರಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಸುಮ್ಮನೆ ಕೂತುಬಿಡುತ್ತಾನೆ. ಯಾರಾದರೂ ಓಗೊಟ್ಟರಷ್ಟೇ ಮುಂದಿನ ಸಾಲು. ಓಗೊಡುವವರಾದರೂ ಯಾರು? ಎಲ್ಲರಿಗೂ ಅವರವರ ಕೆಲಸವಿದೆಯಲ್ಲ!

ದೋಣಿಮಲೈ ಗಣಿಯಲ್ಲಿ ಅದಿರು ಹೊರುವ ಡಂಪರ್ ಓಡಿಸುವ ಈ ಮನುಷ್ಯನಿಗೆ ಹುಚ್ಚು ಹಿಡಿಸಿದ್ದು ಹಂಪಿಯಲ್ಲಿ ಯಾರೋ ಫಾರಿನ್ ಪ್ರವಾಸಿ ಬಿಟ್ಟುಹೋದ ಗಿಟಾರು. ಅಂದಿನಿಂದ ಸಿಕ್ಕವರಿಗೆಲ್ಲ ಒಂದೇ ಪಾಠ.

"ಲೇ ಅಳಿಯಾ, ಈಗಿನ ರಾಕ್ ಹುಡುಗ್ರು ಕೂದ್ಲಾ ಬಿಟ್ಕಂಡು ಕುಣೀತಾರಲ್ಲ, ಅದರ ಬೇರು ಬ್ಲೂಸ್‌ನಾಗ ಐತಿ. ಅಮೆರಿಕದಾಗ ಕಪ್ಪು ಜನ ಹತ್ತಿ ಹೊಲದಾಗ ಜೀತ ಮಾಡ್ತಿದ್ರು. ಒಬ್ಬ ಕೂಗ್ತಿದ್ದ, ಉಳದವ್ರು ಓಗೊಡ್ತಿದ್ರು. ಅಲ್ಲಿಂದ ಈ ಬ್ಲೂಸ್ ಹಾಡು ಹುಟ್ಟಿದ್ದು. ಈಗ ಹಾಡೋನು ಕೂಗ್ತಾನ, ಗಿಟಾರು ಓಗೊಡ್ತೈತಿ. ಕೂಗಿಗೆ ಕರೆಂಟ್ ಸಿಕ್ಕೈತಿ, ಅಷ್ಟ. ದುಃಖ ಮಾತ್ರ ಅದ!"

"ಹಂಗಾರ ನಿನ್ನ ಗಿಟಾರೇ ಓಗೊಡ್ಲಿ ಬಿಡು ಮಾಮ!"

"ನನ್ನ ದುಃಖಕ್ಕ ನಾನ ಓಗೊಟ್ಕಂಡ್ರ ಮಂದಿ ಹುಚ್ಚ ಅಂತಾರ!"

ಮಂದಿ ಅದನ್ನು ಆಗಲೇ ಅನ್ನುತ್ತಿದ್ದರು, ಬಿಡ್ರಿ!

ಕಂಪ್ಲಿಯಲ್ಲಿ ನೆಂಟರ ಮದುವೆ. ಮಾಮ ಮೈಕ್ ಹಿಡಿದು ಒಂದು ಸಾಲು ಹಾಡಿ ಕಣ್ಣು ಮುಚ್ಚಿದ. ಯಾರೋ ಪುಣ್ಯಾತ್ಮ "ಹಾಡು ಮುಗೀತು, ಊಟಕ್ಕೇಳ್ರಿ!" ಅಂದ. ಮಾಮ ಕಣ್ಣು ಬಿಟ್ಟಾಗ ಶಾಮಿಯಾನದವನು ಜಮಖಾನ ಸುತ್ತುತ್ತಿದ್ದ!

ಆಮೇಲೆ ಮೆಟ್ರಿ ಊರಿನ ಗದ್ದೆಗಳ ಕಡೆ ಹೋದ. ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳು ಹಾಡುತ್ತಾರಲ್ಲ, ಅವರಾದರೂ ಓಗೊಟ್ಟಾರು ಅಂತ. ಬದುವಿನ ಮೇಲೆ ಕೂತು ಹಾಡಿದರೆ ಒಬ್ಬ ಅಜ್ಜಿ, "ಮದ್ಲು ಗದ್ದಿಗಿಳೀರಿ, ಸಸಿ ಹಚ್ರಿ, ಆಮ್ಯಾಲ ಓಗೊಡ್ತೀವಿ" ಅಂದಳು. ಮಾಮ ಪ್ಯಾಂಟು ಮಡಚಿ ಇಳಿದೇಬಿಟ್ಟ! ಅವನು ಹಚ್ಚಿದ ಸೊಟ್ಟ ಸಾಲು ನೋಡಿ ಅಜ್ಜಿ ಹಾಡು ಬಿಟ್ಟು ಬೈಯುವುದಕ್ಕೆ ಶುರುಮಾಡಿದಳು.

ಹೋದ ತಿಂಗಳು ಅವನ ಕ್ವಾರ್ಟರ್ಸಿಗೆ ಹೋಗಿದ್ದೆ. ಅವನ ಹೆಂಡತಿ, ನಮ್ಮತ್ತಿ, ತೀರಿಕೊಂಡ ಮೇಲೆ ಅಲ್ಲಿ ಅವನೊಬ್ಬನೇ. "ಒಂದು ಸಾಲು ಹಾಡಿ ಅಷ್ಟೊತ್ತು ಯಾಕ ಸುಮ್ಮನ ಕುಂದರ್ತೀ ಮಾಮ?" ಅಂತ ನಗುತ್ತಲೇ ಕೇಳಿದೆ.

"ನಿಮ್ಮತ್ತಿಗೆ ಹಾಡಾಕ ಬರ್ತಿದ್ದಿಲ್ಲಪ. ನಾನು ಒಂದು ಸಾಲು ಅಂದ್ರ ಅಡಿಗಿಮನ್ಯಾಗಿಂದ 'ಹಾಲು ಒಡದಾವ್ರಿ' ಅಂತಿದ್ಲು. ಇನ್ನೊಂದು ಸಾಲಿಗೆ 'ನೀರು ಬಂತು, ಕೊಡ ಇಡ್ರಿ' ಅಂತಿದ್ಲು. ಅದನ್ನ ಹಿಡ್ಕಂಡು ಮುಂದಿಂದು ಎತ್ಕಂತಿದ್ದೆ. ಈಗ ಎಲ್ಲಿ ಎತ್ಕಳ್ಳದೋ ತಿಳಿವಲ್ದು."

ಇಷ್ಟು ವರ್ಷ ಇವನನ್ನು ಆಡಿಕೊಂಡೆನಲ್ಲ ಅಂತ ಭಾಳ ನಾಚಿಕೆಯಾಯಿತು.

ಮಾಮ ಗಿಟಾರು ತಗೊಂಡ. ಒಂದು ಸಾಲು ಹಾಡಿದ. ಕಣ್ಣು ಮುಚ್ಚಿದ. ನಾನು ಎದ್ದು ಅಡಿಗೆಮನೆಗೆ ಹೋದೆ. ಏನನ್ನಬೇಕೋ ತಿಳಿಯದೆ ಕೈಗೆ ಸಿಕ್ಕ ಡಬ್ಬಿ ತೆಗೆದು ನೋಡಿ, "ಮಾಮಾ, ಸಕ್ರಿ ತೀರೈತಿ!" ಅಂತ ಕೂಗಿದೆ.

ಹೊರಗೆ ಮಾಮ ಎರಡನೇ ಸಾಲು ಎತ್ತಿಕೊಂಡ. ನಾನು ಗಡಿಬಿಡಿಯಲ್ಲಿ ಇನ್ನೊಂದು ಡಬ್ಬಿಯ ಮುಚ್ಚಳ ತೆಗೆದೆ.