ಕೊಡೆ ಮರೆತವಳ ಎರಡನೇ ಚರಣ

ಎಲ್ಲ ಅನಾಹುತಕ್ಕೂ ಆಹ್ವಾನಪತ್ರಿಕೆಯ ಒಂದೇ ಒಂದು ಪದ ಕಾರಣ. ‘ಸಂಜೆ ಆರಕ್ಕೆ ಸನ್ಮಾನ. ಬಳಿಕ ಕವಿಗಳು ತಮ್ಮ ಪ್ರಸಿದ್ಧ “ಕೊಡೆ ಮರೆತವಳೇ” ಗೀತೆಯನ್ನು ಪೂರ್ತಿಯಾಗಿ ಹಾಡುವರು.’

‘ಪೂರ್ತಿಯಾಗಿ’ ಎಂಬುದನ್ನು ಓದುತ್ತಲೇ ಕವಿಗಳು ಹಾಡನ್ನು ಮನಸ್ಸಿನಲ್ಲೇ ಗುನುಗಿ ನೋಡಿದರು. ಸಂಗೀತ ನಾಟಕಗಳಿಗೆ ನಾನೂರು ಹಾಡು ಬರೆದ ಮಹಾನುಭಾವರು. ಆದರೆ ಪಲ್ಲವಿ ನೆನಪಿಗೆ ಬಂತು, ಮೊದಲ ಚರಣ ಬಂತು, ಎರಡನೆಯದು ಮಾತ್ರ ತಲೆ ಕೆಳಗೆ ಮಾಡಿ ನಿಂತರೂ ಬರಲಿಲ್ಲ. ಹಸ್ತಪ್ರತಿ ಎಂದೋ ಗೆದ್ದಲಿನ ಪಾಲಾಗಿತ್ತು.

ಹೆಂಡತಿಯನ್ನು ಕೇಳುವಂತಿಲ್ಲ. ನಲವತ್ತು ವರ್ಷದ ಹಿಂದೆ ಆ ಹಾಡು ಹುಟ್ಟಿದ್ದೇ ಅವಳಿಗಾಗಿ. ರಂಗದ ಮೇಲೆ ಹಾಡಿದವಳೂ ಅವಳೇ. ‘ನಿನ್ನ ಹಾಡು ಮರೆತುಹೋಯ್ತು’ ಎನ್ನುವಷ್ಟು ಧೈರ್ಯ ಯಾವ ಗಂಡನಿಗಿದೆ?

ಗಡ್ಡದ ನೆಪದಲ್ಲಿ ಕ್ಷೌರಿಕನ ಅಂಗಡಿಗೆ ಹೋಗಿ ಮೆಲ್ಲಗೆ ಕೇಳಿದರು.

“ನಮ್ಮಪ್ಪ ದಿನಾ ಹಾಡ್ತಿದ್ರು ಸ್ವಾಮಿ. ‘ಮೀಸೆ ತಿರುವಿ ನಕ್ಕೆಯಲ್ಲೇ’ ಅಂತ ಶುರು.”

“ಅವಳು ಹುಡುಗಿ ಕಣಪ್ಪಾ.”

“ಅದಕ್ಕೇ ಅಲ್ವಾ ಜನ ಮೆಚ್ಚಿದ್ದು? ಯಾರಿಗೂ ಹೊಳೀದೇ ಇದ್ದದ್ದು ನಿಮಗೆ ಹೊಳೀತು.”

ಕತ್ತಿ ಗಂಟಲ ಹತ್ತಿರವೇ ಇದ್ದುದರಿಂದ ಕವಿಗಳು ವಾದ ಬೆಳೆಸಲಿಲ್ಲ.

ಕೋಟು ತರಲು ಹೋದಾಗ ಮೀಸೆಯ ಸಾಲು ಸರಿಯೇ ಎಂದು ಕೇಳಿದರೆ ದರ್ಜಿ ತಲೆ ಅಲ್ಲಾಡಿಸಿದ. “ಮೀಸೆಗೀಸೆ ಎಲ್ಲ ಸುಳ್ಳು ಸಾರ್. ‘ಕಳಚಿ ಬಿತ್ತು ಒಂದು ಗುಂಡಿ’. ನನಗೆ ಚೆನ್ನಾಗಿ ಗೊತ್ತು.”

ಮಹಡಿ ಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿಯಂತೂ ಬೈದೇಬಿಟ್ಟರು. “ಬರೆದವರಿಗೇ ಗೊತ್ತಿಲ್ವಾ? ‘ಬೇಗ ಮಲಗು, ಬೇಗ ಏಳು’. ಎಲ್ಲಿ, ಹೇಳಿ ನೋಡೋಣ.” ಕವಿಗಳು ಕೈಕಟ್ಟಿ ಮೂರು ಸಲ ಹೇಳಬೇಕಾಯಿತು.

ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ. ವೇದಿಕೆಯ ಮೇಲೆ ಪಕ್ಕವಾದ್ಯಕ್ಕೆ, ಅಂದು ಆ ನಾಟಕಕ್ಕೆ ನುಡಿಸಿದ್ದ ಪಿಟೀಲು ವಿದ್ವಾಂಸರೇ. ಮೊದಲ ಚರಣ ಮುಗಿಯಿತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂಬಂತೆ ಕವಿಗಳು ಕಣ್ಣುಮುಚ್ಚಿ ಮೂರನ್ನೂ ಸೇರಿಸಿ ಹಾಡಿಬಿಟ್ಟರು:

“ಮೀಸೆ ತಿರುವಿ ನಕ್ಕೆಯಲ್ಲೇ, ಕಳಚಿ ಬಿತ್ತು ಒಂದು ಗುಂಡಿ, ಬೇಗ ಮಲಗು, ಬೇಗ ಏಳು...”

ಮೂರು ಮೂಲೆಗಳಿಂದ ಮೂರು ಜನ ‘ನಾನು ಹೇಳಿರಲಿಲ್ಲವಾ’ ಎಂಬಂತೆ ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ಪಿಟೀಲಿನವರ ಕಮಾನು ಮಾತ್ರ ಗಾಳಿಯಲ್ಲೇ ನಿಂತಿತ್ತು.

“ಇದೆಲ್ಲಿಂದ ತಂದ್ರಿ ಕವಿಗಳೇ? ಈ ಹಾಡಿಗೆ ಎರಡನೇ ಚರಣವೇ ಇಲ್ಲ. ಆವತ್ತು ಪರದೆ ಏಳೋ ಹೊತ್ತಾದ್ರೂ ನೀವು ಬರ್ಕೊಡ್ಲಿಲ್ಲ. ಆ ಜಾಗದಲ್ಲಿ ನಾನು ಪಿಟೀಲು ಬಾರಿಸ್ದೆ. ಇವತ್ತೂ ಅದಕ್ಕೇ ಬಂದಿದ್ದೆ.”

ಕವಿಗಳು ಅವಸರದಲ್ಲಿ ಪಲ್ಲವಿ ಹಾಡಿ ಮುಗಿಸಿದರು. ಸಭೆ ಮುಗಿದ ಮೇಲೆ ಹೆಂಡತಿ ಬಾಗಿಲ ಬಳಿ ಕಾಯುತ್ತಿದ್ದಳು.

“ಎರಡನೇ ಚರಣ ಬರೆದೇ ಬರೀತೀನಿ ಅಂತ ಮಾತು ಕೊಟ್ಟಿದ್ರಿ. ನಲವತ್ತು ವರ್ಷ ಕಾದೆ. ಅಂತೂ ಇವತ್ತು ಬರೆದ್ರಲ್ಲ.”

ಕವಿಗಳಿಗೆ ಹೋದ ಜೀವ ಬಂದಂತಾಯಿತು.

“ಒಂದೇ ಅನುಮಾನ. ನನಗೆ ಮೀಸೆ ಯಾವಾಗ ಬಂತು?”

ಹೊರಗೆ ಮಳೆ ಹಿಡಿದಿತ್ತು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕೊಡೆ. ಅವಳು ಅದನ್ನು ಬಿಚ್ಚಿಕೊಂಡು, ಹಿಂತಿರುಗಿಯೂ ನೋಡದೆ ಒಬ್ಬಳೇ ಮನೆಯ ಕಡೆ ಹೊರಟಳು.