ಚಂದ್ರಮೌಳಿಯವರ ದ್ರಾಕ್ಷಾರಿಷ್ಟ

ಎಲ್ಲಕ್ಕೂ ಕಾರಣ ನಂದೀಶ. ವಿಜಯವಾಡದ ಆ ಬ್ಯಾಂಕ್ ಶಾಖೆಯಲ್ಲಿ ಕನ್ನಡದವರು ಇಬ್ಬರೇ: ಅರಸೀಕೆರೆ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿ ಚಂದ್ರಮೌಳಿ ಮತ್ತು ಕೋಲಾರದ ಗುಮಾಸ್ತ ನಂದೀಶ. ಹೀಗಾಗಿ ನಂದೀಶ ಏನು ಸಲಹೆ ಕೊಟ್ಟರೂ, ಅದು ಕನ್ನಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ಚಂದ್ರಮೌಳಿ ನಂಬಿಬಿಡುತ್ತಿದ್ದರು.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ಹೆಂಡತಿ ಶಾರದಾ ಜೊತೆ ವಿಶಾಖಪಟ್ಟಣದಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ಒಂದು ಸುತ್ತು ಹೋಗಿ ಬರುವುದೆಂದು ಅವರು ತೀರ್ಮಾನಿಸಿದ್ದರು. ಸುದ್ದಿ ಕೇಳಿದ ನಂದೀಶ ಟೀ ಲೋಟ ಕೆಳಗಿಟ್ಟು ಹತ್ತಿರ ಬಾಗಿದ.

"ಸಾರ್, ಹಡಗಲ್ಲಿ ವೈನ್ ಗೀನ್ ತಗೋಬೇಕು ಅಂದ್ರೆ ಪ್ರಾವಿಡೆಂಟ್ ಫಂಡಿಗೇ ಕೈ ಹಾಕ್ಬೇಕು. ನಿಮ್ದು ನೀವೇ ತಗೊಂಡ್ಹೋಗಿ. ಆದ್ರೆ ಬಾಟ್ಲಿ ಕಂಡ್ರೆ ಕಿತ್ಕೊಂಡ್ಬಿಡ್ತಾರೆ. ಔಷಧಿ ಸೀಸೆಗೆ ಬಗ್ಗಿಸ್ಕೊಂಡ್ರೆ ದೇವ್ರಿಗೂ ಗೊತ್ತಾಗಲ್ಲ."

"ಛೆ, ನನಗೆಲ್ಲಿದೆಯಪ್ಪ ಆ ಅಭ್ಯಾಸ" ಎಂದರು ಚಂದ್ರಮೌಳಿ. ಹಾಗೆಂದವರ ಕಿವಿ ಮಾತ್ರ ಆಗಲೇ ಕೆಂಪಾಗಿತ್ತು.

ಅಭ್ಯಾಸ ಇಲ್ಲದ್ದು ನಿಜವೇ. ಹಿಂದೊಮ್ಮೆ ಮೇಲಧಿಕಾರಿಯೊಬ್ಬರ ಬೀಳ್ಕೊಡುಗೆಯಲ್ಲಿ ಅರ್ಧ ಗ್ಲಾಸು ಕೆಂಪು ವೈನ್ ಕುಡಿದಿದ್ದರು. ಅದರ ರುಚಿ ನೆನಪಿರಲಿಲ್ಲ. ಆದರೆ ಉದ್ದ ಕಾಲಿನ ಆ ಗ್ಲಾಸನ್ನು ಎರಡು ಬೆರಳಲ್ಲಿ ಹಿಡಿದು ನಿಂತಾಗ ಎದುರಿನ ಕನ್ನಡಿಯಲ್ಲಿ ಕಂಡ ಮನುಷ್ಯ ಚೆನ್ನಾಗಿ ನೆನಪಿದ್ದ. ಅವನಿಗೆ ಬಿ.ಪಿ. ಇದ್ದಂತೆ ಕಾಣಲಿಲ್ಲ; ಬಾಕಿ ಸಾಲ ವಸೂಲಿಯ ಚಿಂತೆಯೂ ಇದ್ದಂತಿರಲಿಲ್ಲ. ಹುಟ್ಟಿದಾಗಿನಿಂದ ಒಂದಾದರೂ ಕೆಲಸವನ್ನು ಠೀವಿಯಿಂದ ಮಾಡದ ಚಂದ್ರಮೌಳಿಗೆ, ಹಡಗಿನ ಮೇಲೆ, ಸಮುದ್ರದಲ್ಲಿ ಮುಳುಗುವ ಸೂರ್ಯನ ಎದುರಿಗೆ, ಇನ್ನೊಂದೇ ಒಂದು ಸಲ ಹಾಗೆ ನಿಲ್ಲಬೇಕೆಂಬ ಆಸೆ.

ಅಡ್ಡಿಯಾಗಿದ್ದವರು ಶಾರದಾ. ಸ್ವಂತ ತಮ್ಮ ಒಮ್ಮೆ ಬಿಯರ್ ಕುಡಿದು ಬಂದಾಗ ಬಾಗಿಲು ತೆಗೆಯದೆ, ಕಿಟಕಿಯಿಂದಲೇ ಊಟದ ತಟ್ಟೆ ಕೊಟ್ಟು ಕಳಿಸಿದ ಹೆಂಗಸು. ಅವರ ಹತ್ತಿರ ಈ ವಿಷಯ ಎತ್ತುವುದಕ್ಕಿಂತ ರಿಸರ್ವ್ ಬ್ಯಾಂಕಿಗೆ ಕನ್ನ ಹಾಕುವುದು ಸುಲಭವೆಂದು ಚಂದ್ರಮೌಳಿಗೆ ತೋರಿತು.

ಹೊರಡುವ ದಿನ ಬೆಳಿಗ್ಗೆ ಶಾರದಾ ದೇವರ ಮುಂದೆ ಕೂತಿದ್ದಾಗ, ಕೋಲಾರದಿಂದ ನಂದೀಶ ತಂದುಕೊಟ್ಟ ವೈನ್ ಬಾಟಲಿ ಚಂದ್ರಮೌಳಿಯ ಜೊತೆ ಬಚ್ಚಲುಮನೆ ಸೇರಿತು. ದ್ರಾಕ್ಷಾರಿಷ್ಟದ ಖಾಲಿ ಸೀಸೆಯೊಂದನ್ನು ಅವರು ಮೊದಲೇ ತೊಳೆದಿಟ್ಟುಕೊಂಡಿದ್ದರು. ವೈನೂ ದ್ರಾಕ್ಷಿಯದೇ ಆದ್ದರಿಂದ ಇದು ಪೂರ್ತಿ ಸುಳ್ಳಲ್ಲ ಎಂಬುದು ಅವರ ಸಮಾಧಾನ. ಅವಸರದಲ್ಲಿ ಬಗ್ಗಿಸುವಾಗ ಕಾಲುಭಾಗ ಬನಿಯನ್ನಿನ ಪಾಲಾಯಿತು, ಇನ್ನಷ್ಟು ನೆಲದ ಪಾಲು. ಬನಿಯನ್ ನೆನೆಹಾಕಿ, ನೆಲಕ್ಕೆ ಫಿನಾಯಿಲ್ ಸುರಿದು ಹೊರಬಂದರು.

"ಇದೇನ್ರೀ, ಬೆಳಬೆಳಗ್ಗೆ ಫಿನಾಯಿಲ್ ವಾಸನೆ?" ಶಾರದಾ ಕೇಳಿದರು.

"ಬಚ್ಚಲು ತೊಳೆದೆ ಕಣೆ. ನಾಲ್ಕು ದಿನ ಮನೇಲಿ ಇರಲ್ಲವಲ್ಲ."

ಮದುವೆಯಾದಾಗಿನಿಂದ ಗಂಡ ಬಚ್ಚಲು ತೊಳೆದದ್ದನ್ನು ಶಾರದಾ ಕಂಡಿರಲಿಲ್ಲ. ಇಪ್ಪತ್ತೈದನೇ ವರ್ಷದ ಪ್ರಭಾವವಿರಬೇಕು ಎಂದುಕೊಂಡು ಸುಮ್ಮನಾದರು.

ಈ ಪ್ರವಾಸಕ್ಕೆ ಇನ್ನಿಬ್ಬರು ಸೇರಿಕೊಂಡಿದ್ದರು. ವಿಜಯವಾಡದ ಪಟಮಟ ಬಡಾವಣೆಯಲ್ಲಿ ಚಂದ್ರಮೌಳಿ ಬಾಡಿಗೆಗಿದ್ದ ಮನೆಯ ಮಾಲೀಕರು, ಮಹಡಿಯ ಮೇಲಿದ್ದ ವೆಂಕಟರಮಣ ಮತ್ತು ಇಂದಿರಮ್ಮ. ವೆಂಕಟರಮಣ ರೈಲ್ವೆಯಲ್ಲಿ ಬಹುಕಾಲ ಬಳ್ಳಾರಿಯಲ್ಲಿದ್ದವರು. ಗಂಡ ಹೆಂಡತಿ ಇಬ್ಬರಿಗೂ ಕನ್ನಡ ಬರುತ್ತಿತ್ತು. ಬಾಡಿಗೆಯವರು ಹಡಗು ಹತ್ತುತ್ತಾರೆಂದು ತಿಳಿದ ಕೂಡಲೇ ಇಂದಿರಮ್ಮ, "ನೀವು ಜೊತೆಗಿದ್ದರೆ ನಮಗೂ ಧೈರ್ಯ ಚಂದ್ರಮೌಳಿ ಗಾರೂ" ಎಂದು ತಾವೂ ಟಿಕೆಟ್ ಮಾಡಿಸಿದ್ದರು. ಮನೆ ಮಾಲೀಕರಿಗೆ ಬೇಡ ಎನ್ನುವ ಬಾಡಿಗೆದಾರ ಇನ್ನೂ ಹುಟ್ಟಿಲ್ಲ.

ರೈಲು ಏಲೂರು ಬಿಟ್ಟಾಗ ಇಂದಿರಮ್ಮನವರಿಗೆ ಹೊಟ್ಟೆ ಉಬ್ಬರ ಶುರುವಾಯಿತು. ಪ್ಲಾಟ್‌ಫಾರ್ಮಿನಲ್ಲಿ ಕೊಂಡ ಗಾರೆಗಳೇ ಕಾರಣ; ಆ ವಡೆಗಳನ್ನು ಅವರು ತಮ್ಮ ಪಾಲಿನದನ್ನೂ ಗಂಡನ ಪಾಲಿನದನ್ನೂ ಮುಗಿಸಿದ್ದರು. ಚಂದ್ರಮೌಳಿ ಕರವಸ್ತ್ರಕ್ಕೆಂದು ಚೀಲ ತೆರೆದದ್ದೇ ತಪ್ಪಾಯಿತು.

"ಅದು ದ್ರಾಕ್ಷಾರಿಷ್ಟ ಅಲ್ಲವಾ? ಎರಡು ಮುಚ್ಚಳ ಕೊಡಿ ಬಾಬೂ."

"ಅಮ್ಮಾ, ಇದು ಬಹಳ ಹಳೇದು."

"ಅರಿಷ್ಟ ಹಳೇದೇ ಇರಬೇಕು. ನಮ್ಮ ಮಾವನವರು ಆಯುರ್ವೇದ ವೈದ್ಯರು, ನನಗೆ ತಿಳೀದಾ?"

"ತುಂಬಾ ಒಗರು."

"ಔಷಧಿ ಏನು ಪಾಯಸನಾ?"

"ಕೊಡ್ರೀ, ಪಾಪ, ಅಷ್ಟು ಕಷ್ಟಪಡ್ತಿದಾರೆ" ಎಂದು ಶಾರದಾ ತಾವೇ ಸೀಸೆ ತೆಗೆದು ಕೊಟ್ಟರು. ಚಂದ್ರಮೌಳಿ ಕಿಟಕಿಯ ಸರಳು ಹಿಡಿದುಕೊಂಡು ಕೂತರು.

ಇಂದಿರಮ್ಮ ಒಂದು ಮುಚ್ಚಳ ಕುಡಿದು ಕಣ್ಣು ಮುಚ್ಚಿದರು. "ಪಾಕ ಬಹಳ ಚೆನ್ನಾಗಿ ಬಂದಿದೆ" ಎಂದು ಎರಡನೆಯದನ್ನು ಕುಡಿದರು. ಮೂರನೆಯ ಸಲಕ್ಕೆ ಮುಚ್ಚಳ ಬಿಟ್ಟು ಸ್ಟೀಲ್ ಲೋಟ ಹಿಡಿದರು. ನಿಡದವೋಲು ದಾಟುವ ಹೊತ್ತಿಗೆ ಅವರ ಕೆನ್ನೆ ಹಣ್ಣಾದ ಟೊಮೇಟೋ ಆಗಿತ್ತು. ಮಂಡಿನೋವು ಮಾಯವಾಗಿ ಭಜನೆ ಮಂಡಳಿಯ ಕೀರ್ತನೆಯೊಂದು ತಾನಾಗಿ ಹೊರಟಿತು. ಅರ್ಧ ಹಾಡಿ, ಫಕ್ಕನೆ ನಿಲ್ಲಿಸಿ, ಮೂಗರಳಿಸಿದರು.

"ಏಮಂಡೀ, ಈ ಬೋಗಿಯಲ್ಲಿ ಯಾರೋ ಕುಡಿದಿದ್ದಾರೆ. ವಾಸನೆ ಬರ್ತಾ ಇದೆ."

ವಾಸನೆ ಅವರ ಬಾಯಿಂದಲೇ ಬರುತ್ತಿತ್ತು. ಆದರೆ ಅಕ್ಕಪಕ್ಕದವರೂ ಮೂಗೆಳೆದುಕೊಂಡು ಹೌದು ಹೌದು ಎಂದರು. ಎಲ್ಲರ ಕಣ್ಣೂ ಎದುರಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ಕನ್ನಡಕದ ಮನುಷ್ಯನ ಮೇಲೆ ನೆಟ್ಟವು. ಟಿ.ಟಿ.ಯನ್ನು ಕರೆಯಬೇಕೆಂದು ಒಬ್ಬರು ಎದ್ದೇಬಿಟ್ಟರು. ಟಿ.ಟಿ. ಬಂದರೆ ಚೀಲಗಳನ್ನು ತೆರೆಸದೆ ಬಿಟ್ಟಾನೆಯೇ? ಜನರ ಗಮನ ಬೇರೆ ಕಡೆ ಹರಿಸಬೇಕೆಂದು ಚಂದ್ರಮೌಳಿಯೂ ಎದ್ದು ನಿಂತರು. ಎದ್ದ ಮೇಲೆ ಏನಾದರೂ ಹೇಳಲೇಬೇಕಾಯಿತು.

"ಒಬ್ಬನನ್ನ ಹಿಡಿದು ಏನು ಪ್ರಯೋಜನ?" ಎಂದು ತೆಲುಗು, ಕನ್ನಡ ಬೆರೆಸಿ ಶುರುಮಾಡಿದರು. "ಕುಡಿತ ಅನ್ನೋದೇ ಬೇರುಸಮೇತ ಹೋಗಬೇಕು. ನಾನು ಬ್ಯಾಂಕಿನವನು, ಎಷ್ಟು ಸಂಸಾರ ಬೀದಿಗೆ ಬಂದದ್ದು ನೋಡಿದೀನಿ. ಬಿಯರಂತೆ, ವೈನಂತೆ, ಹೆಸರು ನಾಜೂಕು ಅಷ್ಟೇ. ಮರ್ಯಾದಸ್ಥನಾದವನು ಅದನ್ನ ಮುಟ್ಟೋದಿರಲಿ, ಮುಟ್ಟಬೇಕು ಅಂತ ಮನಸ್ಸಲ್ಲೂ ಅಂದುಕೋಬಾರದು."

ಸಾಲಗಾರರೆದುರು ಎಂದೂ ಏರದ ಅವರ ದನಿ ಅಂದು ಇಡೀ ಬೋಗಿಗೆ ಕೇಳಿಸಿತು. ಭಯ ಮನುಷ್ಯನಿಂದ ಇಂಥ ವಾಗ್ಮಿತೆ ಹೊರಡಿಸುತ್ತದೆಂದು ಸ್ವತಃ ಅವರಿಗೇ ತಿಳಿದಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ವೆಂಕಟರಮಣ ಅಷ್ಟನ್ನೂ ಫೋನಿನಲ್ಲಿ ಹಿಡಿದು ಪಟಮಟದ ಬೀದಿಯವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಶಾರದಾ ಒಬ್ಬರೇ ಏನೋ ಹೇಳಹೊರಟವರು ಬಾಯಿ ಮುಚ್ಚಿಕೊಂಡು ಗಂಡನನ್ನೇ ನೋಡುತ್ತ ಕೂತರು. ಹೆಮ್ಮೆಪಡುತ್ತಿದ್ದಾಳೆ ಎಂದುಕೊಂಡು ಚಂದ್ರಮೌಳಿ ಇನ್ನೆರಡು ವಾಕ್ಯ ಸೇರಿಸಿದರು.

ಅಷ್ಟರಲ್ಲಿ ರೈಲು ಗೋದಾವರಿ ಸೇತುವೆ ಹತ್ತಿತು. ಜನ ಕಿಟಕಿಯಿಂದ ಕಾಸು ಎಸೆದು ಕೈಮುಗಿಯುತ್ತಿದ್ದರು. ಕಣ್ಣೀರು ತುಂಬಿಕೊಂಡ ಇಂದಿರಮ್ಮ ಒಂದು ನಾಣ್ಯವನ್ನು ಚಂದ್ರಮೌಳಿಯ ಅಂಗೈಗೆ ಒತ್ತಿದರು.

"ನಿಮ್ಮಂಥವರು ಇರಬೇಕು ಬಾಬೂ. ಗೋದಾವರಿ ತಾಯಿ ಎದುರಿಗೆ ಆಣೆ ಮಾಡಿಬಿಡಿ, ಜನ್ಮದಲ್ಲಿ ಮುಟ್ಟೋದಿಲ್ಲ ಅಂತ. ನಾಲ್ಕು ಜನ ನೋಡಿ ಕಲೀತಾರೆ."

ಇಡೀ ಬೋಗಿ ಕಾದಿತ್ತು. ಕನ್ನಡಕದ ಮನುಷ್ಯನೂ ಎದ್ದು ಕೂತಿದ್ದ. ಸೇತುವೆಯೋ ಮುಗಿಯುವುದೇ ಇಲ್ಲ ಎನ್ನುವಷ್ಟು ಉದ್ದ. ಚಂದ್ರಮೌಳಿ ಆಣೆ ಮಾಡಿ ಕಾಸು ಎಸೆದರು. ಹಡಗು ಸಮುದ್ರದಲ್ಲಿರುತ್ತದೆ, ಆಣೆ ನದಿಯದು ಎಂಬ ಸಣ್ಣ ವಾದವೊಂದನ್ನು ಒಳಗೊಳಗೇ ಹೊಸೆದುಕೊಂಡು, ಸಾಮರ್ಲಕೋಟೆ ಬರುವಷ್ಟರಲ್ಲಿ ಚೇತರಿಸಿಕೊಂಡರು. ಸೀಸೆಯಲ್ಲಿ ಇನ್ನೂ ಅರ್ಧ ಉಳಿದಿತ್ತಲ್ಲ.

ವಿಶಾಖಪಟ್ಟಣದ ಬಂದರಿನಲ್ಲಿ ಹಡಗು ಬಿಳಿಯ ಬಹುಮಹಡಿ ಆಸ್ಪತ್ರೆಯೊಂದು ನೀರಿಗಿಳಿದಂತೆ ನಿಂತಿತ್ತು. ತಪಾಸಣೆಯ ಸಾಲಿನ ಕೊನೆಯಲ್ಲಿ ಲಕ್ಷ್ಮೀಪ್ರಸನ್ನ ಎಂದು ಎದೆಯ ಮೇಲೆ ಹೆಸರಿದ್ದ ಸಮವಸ್ತ್ರದ ಅಧಿಕಾರಿ. ಚಂದ್ರಮೌಳಿಯ ಚೀಲ ಯಂತ್ರದೊಳಗೆ ಹೋಗಿ ನಿಂತಿತು. ಆಕೆ ಸೀಸೆ ಹೊರತೆಗೆದರು.

"ಏನು ಸರ್ ಇದು?"

"ದ್ರಾಕ್ಷಾರಿಷ್ಟ ಮೇಡಂ, ಜೀರ್ಣಕ್ಕೆ."

"ಸೀಲ್ ಒಡೆದಿದೆ. ಡಾಕ್ಟರ್ ಚೀಟಿ ಇದೆಯಾ? ಇಲ್ಲದಿದ್ದರೆ ಬಿಡೋಕಾಗಲ್ಲ."

"ಅಮ್ಮಾಯಿ, ಅದು ಅಮೃತ. ನನ್ನ ಮಂಡಿ ನೋಡು" ಎಂದು ಇಂದಿರಮ್ಮ ಹಿಂದಿನಿಂದ ಸಾಕ್ಷಿ ನುಡಿದು, ಅಲ್ಲೇ ಎರಡು ಸಲ ಕುಕ್ಕರಿಸಿ ಎದ್ದು ತೋರಿಸಿದರು. ಅಧಿಕಾರಿ ಕರಗಲಿಲ್ಲ. ಸೀಸೆ ಪಕ್ಕದ ನೀಲಿ ಡ್ರಮ್ಮಿಗೆ ಬಿತ್ತು. ಚಂದ್ರಮೌಳಿಗೆ ಒಂದು ಕ್ಷಣ ಕಣ್ಣು ಮಂಜಾಯಿತು.

"ಬೇಜಾರು ಮಾಡ್ಕೋಬೇಡಿ ಸರ್. ಮನೆಯಲ್ಲಿ ತುಂಬಿಸಿದ ದ್ರವ ಬಿಡೋದಿಲ್ಲ, ಅಷ್ಟೇ. ಅದೇ ಸೀಲ್ ಇರೋ ವೈನ್ ಆಗಿದ್ದರೆ ಜೋಡಿಗೆ ಒಂದು ಬಾಟಲಿ ತೊಂದರೆ ಇಲ್ಲದೆ ಬಿಡ್ತೀವಿ."

"ವೈನ್... ಬಿಡ್ತೀರಾ?"

"ಬಿಡ್ತೀವಿ ಸರ್. ಯಾರೂ ನಮ್ಮನ್ನ ಮೊದಲೇ ಕೇಳೋದೇ ಇಲ್ಲ. ಎಳನೀರಿನಲ್ಲಿ, ಶಾಂಪೂ ಡಬ್ಬಿಯಲ್ಲಿ ಬಚ್ಚಿಟ್ಟು ತರ್ತಾರೆ." ಹೀಗೆನ್ನುತ್ತ ಆಕೆ ಶಾರದಾ ಅವರ ಚೀಲದಿಂದ ಟರ್ಕಿ ಟವೆಲಿನಲ್ಲಿ ಸುತ್ತಿದ್ದ ಬಾಟಲಿಯೊಂದನ್ನು ಎತ್ತಿ ಹಿಡಿದರು. "ನೋಡಿ, ಈ ಮೇಡಂ ಸರಿಯಾಗಿ ತಂದಿದ್ದಾರೆ."

ಕೆಂಪು ವೈನ್. ಬಿರಡೆಯ ಮೇಲಿನ ಸೀಲ್ ಹಾಗೇ ಇತ್ತು.

ಶಾರದಾ ಗಂಡನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು:

"ಹಡಗಿನ ಆಫೀಸಿಗೆ ಫೋನ್ ಮಾಡಿ ಕೇಳಿದ್ದೆ. ತರಬಹುದು ಅಂದ್ರು. ಇಷ್ಟು ವರ್ಷದಲ್ಲಿ ನಿಮಗೆ ಅಂತ ಏನೂ ಕೇಳಿದವರಲ್ಲ, ತಮ್ಮನಿಗೆ ಬಾಗಿಲು ತೆಗೀದಿದ್ದವಳು ನಾನೇ, ಆದ್ರೂ ಒಂದು ಸಲ ಇಬ್ಬರೂ ಕೂತು ಒಂದೊಂದು ಗ್ಲಾಸ್ ತಗೊಳ್ಳೋಣ ಅಂತ ಆಸೆ ಆಯ್ತು. ರೈಲಲ್ಲೇ ಹೇಳೋಣ ಅಂತಿದ್ದೆ, ಅಷ್ಟರಲ್ಲಿ ನೀವು ಎದ್ದು ನಿಂತ್ರಿ. ನಿಮ್ಮ ಮನಸ್ಸಲ್ಲಿ ಇಷ್ಟೊಂದು ಇದೆ ಅಂತ ನಂಗೊತ್ತಿರಲಿಲ್ಲ ಕಣ್ರೀ. ಕ್ಷಮಿಸಿ."

"ಅಲ್ಲ ಶಾರದಾ, ಅದು ಹಾಗಲ್ಲ..."

"ಏನೂ ಹೇಳಬೇಡಿ. ನಿಮ್ಮ ವ್ರತ ನಾನು ಕೆಡಿಸಲ್ಲ."

ಸಂಜೆ ಹಡಗು ಬಂದರು ಬಿಟ್ಟಿತು. ಮೇಲಿನ ಡೆಕ್ಕಿನಲ್ಲಿ ಮೂವರೂ ಒಂದು ಮೇಜಿನ ಸುತ್ತ ಕೂತಿದ್ದರು. ಇಂದಿರಮ್ಮ ಕೋಣೆ ಸೇರಿದವರು ಗೊರಕೆಯ ನಾಲ್ಕನೇ ಶ್ರುತಿಯಲ್ಲಿದ್ದರು. ಸೂರ್ಯ ಸಮುದ್ರದಲ್ಲಿ ಮುಳುಗುವ ಬದಲು, ಪೂರ್ವ ಕರಾವಳಿಯ ಪದ್ಧತಿಯಂತೆ, ಊರ ಹಿಂದಿನ ಗುಡ್ಡಗಳಿಗೆ ಇಳಿಯುತ್ತಿದ್ದ. ದೂರದಲ್ಲಿ ಋಷಿಕೊಂಡ ತೀರದ ದೀಪಗಳು ಹತ್ತಿಕೊಳ್ಳುತ್ತಿದ್ದವು. ಚಂದ್ರಮೌಳಿಯ ಮುಂದೆ ನಿಂಬೆಹಣ್ಣಿನ ಪಾನಕವಿತ್ತು.

"ಆ ಅರಿಷ್ಟ ಯಾವ ಅಂಗಡೀದು ಹೇಳಿ ರೀ" ಎಂದರು ವೆಂಕಟರಮಣ, ಶಾರದಾ ಸುರಿದುಕೊಟ್ಟ ಗ್ಲಾಸನ್ನು ಭಕ್ತಿಯಿಂದ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತ. "ನಮ್ಮಾಕೆ ಇಷ್ಟು ನಿಶ್ಚಿಂತೆಯಾಗಿ ಮಲಗಿದ್ದು ನಾನು ನೋಡಿಲ್ಲ. ನಾನೂ ಹೊರಗೆ ಹೀಗೆ ಕೂತಿದ್ದು ಇದೇ ಮೊದಲು. ಮತ್ತೆ ನಿಮ್ಮ ಭಾಷಣ ನೋಡಿ ನಮ್ಮ ಬೀದಿಯವರು ಫೋನ್ ಮಾಡಿದ್ದರು. ಮುಂದಿನ ಭಾನುವಾರ ಮದ್ಯವರ್ಜನ ಸಭೆಗೆ ನೀವೇ ಅಧ್ಯಕ್ಷರು. ನಾನು ಒಪ್ಪಿಕೊಂಡುಬಿಟ್ಟೆ."

ಶಾರದಾ ತಮ್ಮ ಗ್ಲಾಸಿಗೂ ಸುರಿದುಕೊಂಡರು.

"ನೀನು... ಕುಡೀತೀಯಾ?" ಚಂದ್ರಮೌಳಿ ತಡವರಿಸಿದರು.

"ಆಣೆ ಇಟ್ಟಿದ್ದು ನೀವಲ್ವಾ? ದುಡ್ಡು ಕೊಟ್ಟು ತಂದಿದ್ದು ಸುಮ್ಮನೆ ಚೆಲ್ಲೋದಾ?"

ಉದ್ದ ಕಾಲಿನ ಗ್ಲಾಸನ್ನು ಶಾರದಾ ಎರಡು ಬೆರಳಲ್ಲಿ ಹಿಡಿದು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಗುಡ್ಡಗಳ ಕಡೆ ನೋಡಿದರು. ಇನ್ನೊಂದು ಗುಟುಕು ಕುಡಿದರು. ಚಂದ್ರಮೌಳಿಗೆ ತಡೆಯಲಾಗಲಿಲ್ಲ.

"ಹೇಗಿದೆ?"

"ಅಂಥಾದ್ದೇನಿಲ್ಲ ಕಣ್ರೀ" ಎಂದರು ಶಾರದಾ ಬಹಳ ಕರುಣೆಯಿಂದ. "ನೀವು ಕಳ್ಕೊಂಡಿದ್ದೇನೂ ಇಲ್ಲ."

ಹಾಗೆಂದು, ಖಾಲಿಯಾದ ಗ್ಲಾಸಿಗೆ ಮತ್ತೆ ಸುರಿದುಕೊಂಡರು.