ನಮ್ಮ ಲಿಫ್ಟೂ ಶೇಖರಣ್ಣನ ಜೂಜಿನ ಯಂತ್ರಗಳೂ

ಬೇರೆಯವರ ಚಟದ ಮೇಲೆ ತೆರಿಗೆ ಹೆಚ್ಚಿಸಬೇಕು ಎಂದು ವಾದಿಸುವುದರಲ್ಲಿರುವಷ್ಟು ಸುಖ ಇನ್ಯಾವುದರಲ್ಲೂ ಇಲ್ಲ. ನಮ್ಮ ಜೇಬಿಗೆ ಕತ್ತರಿಯಿಲ್ಲ, ಮೇಲಾಗಿ ಪುಣ್ಯ ಕಟ್ಟಿಕೊಂಡ ಹಾಗೂ ಆಗುತ್ತದೆ. ಡೊಂಬಿವಲಿಯ ಬೆಳಗಿನ ಲೋಕಲ್ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತು, ಹಿಡಿಕೆಗೆ ಜೋತುಬಿದ್ದು, ನಾನು ಎಷ್ಟೋ ಸಲ ಗುಡುಗಿದ್ದೇನೆ: "ಜೂಜಿನ ಯಂತ್ರ ಇಟ್ಟವರ ಮೇಲೆ ಹಾಕಬೇಕ್ರೀ ತೆರಿಗೆ, ಸೊಂಟ ಮುರಿಯೋ ಹಾಗೆ!" ಸುತ್ತಲಿನವರೆಲ್ಲ ತಲೆದೂಗುತ್ತಾರೆ. ಆ ಗರ್ದಿಯಲ್ಲಿ ಒಬ್ಬನ ತಲೆ ತೂಗಿದರೆ ಅಕ್ಕಪಕ್ಕದವರ ತಲೆಗಳೂ ತೂಗಲೇಬೇಕು ಎಂಬುದು ಬೇರೆ ಮಾತು.

ನನ್ನ ವೀರಾವೇಶಕ್ಕೆ ಕಾರಣ ನಮ್ಮ ಕಟ್ಟಡದ ಕೆಳಗೇ ಇತ್ತು. ಹಾಲಿನ ಅಂಗಡಿಯ ಪಕ್ಕ ಕಾರ್ಕಳ ಕಡೆಯ ಶೇಖರಣ್ಣನ 'ವಿಡಿಯೋ ಗೇಮ್'. ಹೆಸರು ಮಕ್ಕಳಾಟದ್ದು, ಒಳಗೆ ಕೂತವರೆಲ್ಲ ಮೀಸೆ ಬಂದವರು. ಗುಂಡಿ ಒತ್ತಿದರೆ ಹಣ್ಣುಗಳ ಚಿತ್ರಗಳು ಗಿರಗಿರ ತಿರುಗುತ್ತವೆ. ಮೂರೂ ಒಂದೇ ಆದರೆ ದುಡ್ಡು, ಇಲ್ಲದಿದ್ದರೆ ನಾಮ. ಇತ್ತ ನಮ್ಮ ಲಿಫ್ಟ್ ಕೆಟ್ಟು ನಿಂತಿತ್ತು, ಕಟ್ಟಡದ ಸೊಸೈಟಿಯಲ್ಲಿ ಹಣವಿರಲಿಲ್ಲ. ನಮ್ಮದು ಐದನೆಯ ಮಹಡಿ. ಧಾರವಾಡದಿಂದ ಬಂದು ನಮ್ಮ ಜೊತೆಗಿರುವ ನನ್ನ ಅತ್ತೆಗೆ ಮೊಣಕಾಲು ನೋವು. ಸಂಜೆಯ ಭಜನೆ ತಪ್ಪಿ, ಬಾಲ್ಕನಿಯೇ ಅವರ ಊರಾಗಿತ್ತು. ಒಂದು ದಿನ ಕೇಳಿಯೇ ಬಿಟ್ಟರು: "ಅಳಿಯಂದ್ರ, ನಾ ಇನ್ನ ಕೆಳಗ ಇಳಿಯೂದು ನಾಕ್ ಮಂದಿ ಹೆಗಲ ಮ್ಯಾಲೇ ಏನ್ರಿ?"

ಆ ಮಾತು ಎದೆಗೆ ನಾಟಿ, ಸೊಸೈಟಿಯ ಸಭೆಯಲ್ಲಿ ಎದ್ದು ನಿಂತೆ. "ಜೂಜಿನ ಅಂಗಡಿಗೆ ಮೇಂಟೆನೆನ್ಸ್ ಶುಲ್ಕ ದುಪ್ಪಟ್ಟು ಮಾಡಿ, ಆ ಹಣದಲ್ಲಿ ಲಿಫ್ಟ್ ಓಡಿಸಿ!" ನನ್ನದು ಸಭೆಯ ಕಡೆಯ ವಿಷಯ. ನಮ್ಮಲ್ಲಿ ಕಡೆಯ ವಿಷಯ ಮುಗಿದ ಮೇಲೇ ಬಟಾಟಾವಡಾ ಬರುವುದು, ಹಾಗಾಗಿ ಕಡೆಯ ವಿಷಯವನ್ನು ಯಾರೂ ವಿರೋಧಿಸುವುದಿಲ್ಲ. ಸೆಕ್ರೆಟರಿ ಜೋಶಿ ಕಾಕಾ "ಮಂಜೂರ್!" ಎಂದರು. ಶೇಖರಣ್ಣ ಜಗಳಕ್ಕೆ ಬರುತ್ತಾನೆಂದು ನಾನು ತೋಳೇರಿಸಿದರೆ, ಅವನು ತಣ್ಣಗೆ, "ಆಯ್ತು ಮಾರಾಯ್ರೆ, ಕೊಡುವ" ಎಂದ. ನನಗೆ ಸಿಡಿಲು ಬಡಿದಂತಾಯಿತು. ಜಗಳವಿಲ್ಲದೆ ದುಡ್ಡು ಕೊಡಲು ಒಪ್ಪಿದ ಮನುಷ್ಯನನ್ನು ನಮ್ಮ ಸೊಸೈಟಿ ಅದುವರೆಗೆ ಕಂಡಿರಲಿಲ್ಲ.

ಲಿಫ್ಟ್ ಓಡಿತು. ಅತ್ತೆ ಇಳಕಲ್ ಸೀರೆಯುಟ್ಟು ಭಜನೆಗೆ ಹೋಗಿಬಂದು, "ಯಾರ ಪುಣ್ಯಾನೋ!" ಎಂದರು. ಯಾರದೆಂದು ನಾನು ಬಾಯಿಬಿಡಲಿಲ್ಲ.

ಕೆಲವು ತಿಂಗಳಾಗಿರಬೇಕು. ಜೋಶಿ ಕಾಕಾ ಗೇಟಿನಲ್ಲಿ ತಡೆದು ಪಿಸುಗುಟ್ಟಿದರು: "ಶೇಖರ್ ಕಾ ಧಂದಾ ಮಂದಾ ಹೈ, ಸಾಹೇಬ್. ಲಿಫ್ಟ್ ಫಿರ್ ಬಂದ್ ಹೋ ಜಾಯೇಗಾ!" ಜನ ಈಗ ಮೊಬೈಲಿನಲ್ಲೇ ಆಡುತ್ತಾರಂತೆ, ಅಂಗಡಿಗೆ ಬರುವವರಿಲ್ಲವಂತೆ. ಅವನ ವ್ಯಾಪಾರ ನಿಂತರೆ ಲಿಫ್ಟೂ ನಿಂತಂತೆಯೇ. ಅಂದಿನಿಂದ ಇಡೀ ಕಟ್ಟಡಕ್ಕೆ ಅಂಗಡಿಯದೇ ಚಿಂತೆ. ಅದರ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದವರು ಈಗ ಇಣುಕಿ ನೋಡಿ, ಖಾಲಿ ಕುರ್ಚಿ ಕಂಡು ನಿಟ್ಟುಸಿರು ಬಿಡತೊಡಗಿದರು. ನನ್ನ ಹೆಂಡತಿಯಂತೂ, "ದೀಪ ಹಚ್ಚೂವಾಗ ಶೇಖರಣ್ಣನ ಹೆಸರಿಲೇನೂ ಒಂದ್ ಕೈ ಮುಗೀರಿ" ಎಂದಳು. ನಾನು ಹೌಹಾರಿದೆ. ಮುಗಿದೆ ಕೂಡ. ಜೂಜಿಗೆ ತೆರಿಗೆ ಹಾಕಿ ಬೊಕ್ಕಸ ತುಂಬಿಸಿಕೊಳ್ಳುವ ಸರಕಾರವೂ ಒಳಗೊಳಗೇ ಹೀಗೇ ಕೈ ಮುಗಿಯುತ್ತಿರಬೇಕು.

ಭಾನುವಾರ ಸಂಜೆ, ಲಿಫ್ಟಿನ ಹಿತಕ್ಕಾಗಿ ಸ್ವಲ್ಪ ಸೋತು ಬರೋಣವೆಂದು ನಾನೇ ಅಂಗಡಿಯೊಳಗೆ ಹೋದೆ. "ಎಂತದು, ನೀವಾ!" ಎಂದು ಶೇಖರಣ್ಣ ಬೆಚ್ಚಿಬಿದ್ದ. ಅಲ್ಲಿದ್ದ ಒಬ್ಬನೇ ಗಿರಾಕಿಯ ಪಕ್ಕ ಕೂತು ಗುಂಡಿ ಒತ್ತಿದೆ. ಮೂರು ಕಲ್ಲಂಗಡಿಗಳು ಸಾಲಾಗಿ ನಿಂತವು! ಯಂತ್ರ ಬೊಬ್ಬೆ ಹಾಕಿತು. ಶೇಖರಣ್ಣನ ಮುಖ ಬಾಡಿತು.

"ನೀವು ಉದ್ಧಾರ ಮಾಡ್ಲಿಕ್ಕೆ ಬಂದದ್ದಾ, ಮುಳುಗಿಸ್ಲಿಕ್ಕೆ ಬಂದದ್ದಾ?"

"ನನಗೆ ಬೇಡ ಮಾರಾಯ, ನೀನೇ ಇಟ್ಕೋ."

"ಅದಾಗುದಿಲ್ಲ. ಗೆದ್ದದ್ದು ಕೊಡ್ದಿದ್ರೆ ನಾಳೆ ಯಾರು ಬರ್ತಾರೆ? ಬೇಕಾದ್ರೆ ಆಡಿ ಸೋಲಿ."

ಬೇರೆ ದಾರಿಯಿರಲಿಲ್ಲ. ಸೋಲುವ ಹಟ ಹಿಡಿದು ಮತ್ತೆ ಮತ್ತೆ ಒತ್ತುತ್ತಿದ್ದೆ. ಹಾಳಾದ ಯಂತ್ರ ನಡುನಡುವೆ ಗೆಲ್ಲಿಸುತ್ತಲೇ ಇತ್ತು. ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದು. ಭಜನೆಯಿಂದ ಮರಳುತ್ತಿದ್ದ ಅತ್ತೆ!

"ಅಯ್ಯ ಶಿವನ! ಅಳಿಯಂದ್ರ, ಏನ್ರಿ ಇದು?"

ನಾನು ಬೆವರುತ್ತ ಎಲ್ಲವನ್ನೂ ಒದರಿಬಿಟ್ಟೆ: ಲಿಫ್ಟ್ ಓಡುವುದು ಯಾರ ದುಡ್ಡಿನಿಂದ, ನಾನು ಕೂತಿದ್ದು ಯಾರಿಗಾಗಿ. "ಇದೊಂದೇ ಸಲ ಅತ್ತೆ. ಇಷ್ಟು ಸೋತು ಎದ್ದುಬಿಡ್ತೇನೆ."

ಪಕ್ಕದ ಕುರ್ಚಿಯವನು ಪರದೆಯಿಂದ ಕಣ್ಣೆತ್ತದೆ ಕಿಸಕ್ಕನೆ ನಕ್ಕ. ಈ ಮಾತು ಅವನಿಗೆ ಹೊಸತಲ್ಲವೆಂದು ಕಾಣುತ್ತದೆ.

ಅತ್ತೆ ಲಿಫ್ಟಿನ ಕಡೆ ನೋಡಿದರು, ಮೊಣಕಾಲು ಸವರಿಕೊಂಡರು. ಆಮೇಲೆ ದನಿ ತಗ್ಗಿಸಿ, "ಹಂಗಾರ ಲಗೂನ ಸೋತು ಬರ್ರಿ" ಎಂದು ಹೇಳಿ, ಲಿಫ್ಟ್ ಹತ್ತಿ ಮೇಲೆ ಹೋದರು.

ಯಂತ್ರದವರಿಗೆ ತೆರಿಗೆ ಹೆಚ್ಚಬೇಕೆಂದು ಲೋಕಲ್‌ನಲ್ಲಿ ನಾನು ಈಗಲೂ ವಾದಿಸುತ್ತೇನೆ. ಎಷ್ಟು ಹೆಚ್ಚಬೇಕು ಎಂದು ಯಾರಾದರೂ ಕೇಳಿದರೆ ಮಾತ್ರ, ಅಂಗಡಿ ಮುಚ್ಚದಷ್ಟು ಎನ್ನುತ್ತೇನೆ.